ಮೂವತ್ತು ವರ್ಷ ಬಾಳುವ ಕ್ಯಾಂಪಸ್ ಯೋಜನೆ: ಸುಸ್ಥಿರ ವಿಶ್ವವಿದ್ಯಾಲಯಕ್ಕೆ ದೀರ್ಘಾವಧಿಯ ಯೋಜನೆ ಬರೆಯುವ ಕ್ರಮ

ಕುಲಪತಿಯೊಬ್ಬರು ಅಧಿಕಾರದಲ್ಲಿರುವುದು ಸಾಮಾನ್ಯವಾಗಿ ಕೆಲವೇ ವರ್ಷ, ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ಕಳೆಯುವುದು ಎರಡರಿಂದ ಐದು ವರ್ಷ. ಆದರೆ ಇಂದು ತಳಪಾಯ ಹಾಕಿದ ಕಟ್ಟಡ ಅರವತ್ತು ವರ್ಷ ನಿಲ್ಲುತ್ತದೆ, ಇಂದು ನೆಲದಡಿ ಹೂತ ಕೊಳವೆ ನಲವತ್ತು ವರ್ಷ ಅಲ್ಲೇ ಇರುತ್ತದೆ, ಇಂದು ನೆಟ್ಟ ಸಸಿ ನೆರಳು ಕೊಡುವ ಹೊತ್ತಿಗೆ ಅದನ್ನು ನೆಟ್ಟವರಲ್ಲಿ ಬಹುತೇಕರು ನಿವೃತ್ತರಾಗಿರುತ್ತಾರೆ. ಸುಸ್ಥಿರ ಕ್ಯಾಂಪಸ್ಸಿನ ಯೋಜನೆ ಕಷ್ಟವಾಗುವುದು ತಂತ್ರಜ್ಞಾನದ ಕೊರತೆಯಿಂದಲ್ಲ, ನಿರ್ಧಾರ ಮಾಡುವವರ ಅವಧಿಗೂ ನಿರ್ಧಾರದ ಆಯುಷ್ಯಕ್ಕೂ ಇರುವ ಈ ಅಂತರದಿಂದ. ಆದ್ದರಿಂದ ಯೋಜನೆಯನ್ನು ಬರೆಯುವವರು ಮೊದಲ ದಿನದಿಂದಲೇ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳಬೇಕು: ನಾವು ಯಾರೂ ಇಲ್ಲದ ದಿನ ಈ ಕಡತವನ್ನು ಕೈಗೆತ್ತಿಕೊಂಡವರಿಗೆ ಇದು ಕೆಲಸಕ್ಕೆ ಬರುತ್ತದೆಯೇ?

ಘೋಷಣೆಗಳಿಗೆ ಈ ಕ್ಷೇತ್ರದಲ್ಲಿ ಬರವಿಲ್ಲ. 1990ರಲ್ಲಿ ಫ್ರಾನ್ಸಿನ ತಲ್ವಾರ್ ಎಂಬ ಊರಿನಲ್ಲಿ 22 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಉನ್ನತ ಶಿಕ್ಷಣ ಸಂಸ್ಥೆಗಳು ಪರಿಸರದ ವಿಷಯದಲ್ಲಿ ಬಹಿರಂಗವಾಗಿ ಮಾಡಿದ ಮೊದಲ ದೊಡ್ಡ ಬದ್ಧತೆ ಅದು. ಆಮೇಲೆ ನೂರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಸಹಿ ಹಾಕುವುದು ಒಳ್ಳೆಯದೇ, ಏಕೆಂದರೆ ಅದು ಒಳಗಿನ ಚರ್ಚೆಗೆ ಒಂದು ನೆಪ ಒದಗಿಸುತ್ತದೆ. ಆದರೆ ಸಂಸ್ಥೆಯೊಂದರ ಮುಂದಿನ ಮೂವತ್ತು ವರ್ಷಗಳ ಇಂಗಾಲದ ಲೆಕ್ಕವನ್ನು ನಿಜವಾಗಿ ನಿರ್ಧರಿಸುವುದು ಅದರ ಬಾಯ್ಲರ್ ಕೋಣೆ, ಚಾವಣಿ, ನೆಲದಡಿಯ ಕೊಳವೆಜಾಲ ಮತ್ತು ಹೊಸ ಕಟ್ಟಡಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮೇಜು. ಈ ಬರಹ ಆ ನಾಲ್ಕು ಜಾಗಗಳಿಗೆ ಸಂಬಂಧಿಸಿದ್ದು.

ಮೊದಲು ಲೆಕ್ಕ

ಗುರಿಯನ್ನು ಬರೆಯುವ ಮುನ್ನ ಈಗಿನ ಸ್ಥಿತಿಯ ಲೆಕ್ಕ ಬೇಕು. ಹಸಿರುಮನೆ ಅನಿಲಗಳ ಲೆಕ್ಕಾಚಾರಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪದ್ಧತಿ ಅವುಗಳನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಕ್ಯಾಂಪಸ್ಸಿನ ಒಳಗೆ ನೇರವಾಗಿ ಸುಡುವ ಇಂಧನ ಹಾಗೂ ಸೋರುವ ಅನಿಲ ಮೊದಲನೆಯದು, ಹೊರಗಿನಿಂದ ಕೊಂಡ ವಿದ್ಯುತ್ತು ಮತ್ತು ಶಾಖ ಎರಡನೆಯದು, ಪ್ರಯಾಣ, ಖರೀದಿ, ಕಟ್ಟಡ ಸಾಮಗ್ರಿ, ತ್ಯಾಜ್ಯ ಮುಂತಾದ ಪರೋಕ್ಷ ಮೂಲಗಳೆಲ್ಲ ಮೂರನೆಯದು. ಮೊದಲ ಎರಡನ್ನು ಬಿಲ್ಲುಗಳಿಂದ ಮತ್ತು ದಾಸ್ತಾನು ಪುಸ್ತಕಗಳಿಂದ ಸಾಕಷ್ಟು ನಿಖರವಾಗಿ ತೆಗೆಯಬಹುದು. ಮೂರನೆಯದರಲ್ಲಿ ಅಂದಾಜು ಹೆಚ್ಚು ಇರುತ್ತದೆ. ಅದಕ್ಕೆ ಹೆದರಿ ಬಿಟ್ಟುಬಿಡುವುದಕ್ಕಿಂತ, ಅಂದಾಜು ಹೇಗೆ ಮಾಡಿದೆವೆಂಬುದನ್ನು ಬರೆದಿಟ್ಟು ಲೆಕ್ಕಕ್ಕೆ ಸೇರಿಸುವುದು ಮೇಲು.

ಆಧಾರ ವರ್ಷವಾಗಿ ಒಂದೇ ವರ್ಷವನ್ನು ತೆಗೆದುಕೊಳ್ಳಬೇಡಿ. ಒಂದು ವರ್ಷ ಬಿಸಿಲು ಹೆಚ್ಚಿದ್ದಿರಬಹುದು, ಇನ್ನೊಂದು ವರ್ಷ ತರಗತಿಗಳೇ ನಡೆಯದೆ ಹೋಗಿರಬಹುದು. ಮೂರು ವರ್ಷಗಳ ಸರಾಸರಿ ಇಟ್ಟುಕೊಂಡರೆ ಮುಂದೆ ಬರುವವರು ಆಧಾರ ಸಂಖ್ಯೆಯ ಬಗ್ಗೆಯೇ ಜಗಳವಾಡುವ ಸಂದರ್ಭ ಕಡಿಮೆಯಾಗುತ್ತದೆ.

ಲೆಕ್ಕದಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಬಾಬ್ತು ಹವಾನಿಯಂತ್ರಣ ಯಂತ್ರಗಳ ಶೀತಕ ಅನಿಲ. ಬಹಳ ಕಡೆ ಬಳಕೆಯಲ್ಲಿರುವ ಆರ್-410ಎ ಶೀತಕದ ತಾಪಮಾನವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,088 ಪಟ್ಟು. ವರ್ಷಕ್ಕೆ 10 ಕಿಲೋ ಸೋರಿದರೆ ಅದು ಹೆಚ್ಚುಕಡಿಮೆ 21 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ನಿರ್ವಹಣೆಯ ಗುತ್ತಿಗೆದಾರರು ಎಷ್ಟು ಕಿಲೋ ಮರುಭರ್ತಿ ಮಾಡಿದರೆಂಬ ದಾಖಲೆ ಸಿಕ್ಕರೆ ಈ ಲೆಕ್ಕ ಮುಗಿಯಿತು. ಸಿಗದಿದ್ದರೆ, ಮುಂದಿನ ಗುತ್ತಿಗೆಯ ಕರಾರಿನಲ್ಲಿ ಆ ದಾಖಲೆಯನ್ನು ಕಡ್ಡಾಯ ಮಾಡುವುದೇ ಯೋಜನೆಯ ಮೊದಲ ಕೆಲಸಗಳಲ್ಲಿ ಒಂದಾಗಬೇಕು.

ಮುಖ್ಯ ದ್ವಾರದ ಬಳಿ ಒಂದೇ ಮೀಟರ್ ಇರುವ ಕ್ಯಾಂಪಸ್ಸಿಗೆ ತನ್ನ ಬಗ್ಗೆ ಬಹಳ ಕಡಿಮೆ ಗೊತ್ತಿರುತ್ತದೆ. ಕಟ್ಟಡವಾರು ವಿದ್ಯುತ್ ಮತ್ತು ನೀರಿನ ಮೀಟರುಗಳನ್ನು ಹಾಕಿಸಿ, ಕನಿಷ್ಠ ಗಂಟೆಗೊಮ್ಮೆ ಅವುಗಳ ಅಂಕಿ ದಾಖಲಾಗುವಂತೆ ಮಾಡಿ. ಅಂಕಿಗಳು ಬರತೊಡಗಿದಾಗ ನೋಡಬೇಕಾದದ್ದು ಹಗಲಿನ ಗರಿಷ್ಠ ಬಳಕೆಗಿಂತ ಮೊದಲು ರಾತ್ರಿ 2ರಿಂದ 4 ಗಂಟೆಯ ಬಳಕೆ. ಯಾರೂ ಇಲ್ಲದ ಕಟ್ಟಡದಲ್ಲಿ ಹಗಲಿನ ಅರ್ಧದಷ್ಟು ವಿದ್ಯುತ್ತು ಹರಿಯುತ್ತಿದ್ದರೆ ಯಾವುದೋ ಫ್ಯಾನ್, ಯಾವುದೋ ಪಂಪ್ ಕಾರಣವಿಲ್ಲದೆ ಓಡುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ನೀರು ಹರಿಯುತ್ತಿದ್ದರೆ ಅದು ಬಹುಮಟ್ಟಿಗೆ ಸೋರಿಕೆ. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಕೊಳವೆ ವರ್ಷಕ್ಕೆ 5 ಲಕ್ಷ 25 ಸಾವಿರ ಲೀಟರಿಗೂ ಹೆಚ್ಚು ನೀರನ್ನು ಮಣ್ಣುಪಾಲು ಮಾಡುತ್ತದೆ.

ಬದಲಿ ಪಂಚಾಂಗ: ಯೋಜನೆಯ ಬೆನ್ನೆಲುಬು

ಬಹುತೇಕ ಸುಸ್ಥಿರತಾ ಯೋಜನೆಗಳು ಗುರಿಗಳ ಪಟ್ಟಿಯಿಂದ ಆರಂಭವಾಗುತ್ತವೆ: ಇಂತಿಷ್ಟನೆಯ ವರ್ಷದ ಹೊತ್ತಿಗೆ ಇಷ್ಟು ಪ್ರತಿಶತ ಕಡಿತ ಎಂದು. ನನ್ನ ಅಭಿಪ್ರಾಯದಲ್ಲಿ ಆರಂಭವಾಗಬೇಕಾದದ್ದು ಬೇರೊಂದು ಪಟ್ಟಿಯಿಂದ. ಕ್ಯಾಂಪಸ್ಸಿನಲ್ಲಿರುವ ಪ್ರತಿ ದೊಡ್ಡ ವಸ್ತುವಿನ ಹೆಸರು, ಅದನ್ನು ಅಳವಡಿಸಿದ ವರ್ಷ, ಅದರ ನಿರೀಕ್ಷಿತ ಆಯುಷ್ಯ, ಈಗಿನ ಸ್ಥಿತಿ ಮತ್ತು ಅದು ಕೆಲಸ ನಿಲ್ಲಿಸುವ ಅಂದಾಜು ವರ್ಷ, ಇಷ್ಟನ್ನು ಒಂದೇ ಕೋಷ್ಟಕದಲ್ಲಿ ಬರೆಯಿರಿ. ಬಾಯ್ಲರುಗಳು, ಚಿಲ್ಲರುಗಳು (ಕಟ್ಟಡಗಳನ್ನು ತಂಪಾಗಿಡಲು ನೀರನ್ನು ತಣ್ಣಗೆ ಮಾಡುವ ಯಂತ್ರಗಳು), ಟ್ರಾನ್ಸ್‌ಫಾರ್ಮರುಗಳು, ಜನರೇಟರುಗಳು, ಪಂಪುಗಳು, ಲಿಫ್ಟುಗಳು, ಚಾವಣಿಯ ಜಲನಿರೋಧಕ ಪದರ, ಕಿಟಕಿಗಳು, ನೀರಿನ ಮತ್ತು ಒಳಚರಂಡಿಯ ಕೊಳವೆಗಳು, ಬಸ್ಸು ಹಾಗೂ ಇತರ ವಾಹನಗಳು, ಯಾವುದನ್ನೂ ಬಿಡಬಾರದು. ಇದನ್ನೇ ನಾನು ಬದಲಿ ಪಂಚಾಂಗ ಎನ್ನುತ್ತೇನೆ.

ಈ ಪಂಚಾಂಗ ಏಕೆ ಮುಖ್ಯವೆಂದರೆ, ಒಂದು ಚಿಲ್ಲರ್ ಇಪ್ಪತ್ತರಿಂದ ಇಪ್ಪತ್ತೈದು ವರ್ಷಕ್ಕೊಮ್ಮೆ ಮಾತ್ರ ಬದಲಾಗುತ್ತದೆ, ಕಿಟಕಿಗಳು ಮೂವತ್ತು ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ಮೂವತ್ತು ವರ್ಷಗಳ ಯೋಜನೆಯೊಂದರಲ್ಲಿ ಇಂಥ ಪ್ರತಿ ವಸ್ತುವಿನ ವಿಷಯದಲ್ಲಿ ನಿಮಗೆ ಸಿಗುವುದು ಒಂದು ಅವಕಾಶ, ಬಹಳವೆಂದರೆ ಎರಡು. ಆ ಗಳಿಗೆಯಲ್ಲಿ ವಿನ್ಯಾಸ, ಹಣ, ಒಪ್ಪಿಗೆ ಮೂರೂ ಸಿದ್ಧವಿರದಿದ್ದರೆ ಏನಾಗುತ್ತದೆಂಬುದು ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಯಂತ್ರ ಪರೀಕ್ಷೆಯ ವಾರದಲ್ಲೇ ಕೈಕೊಡುತ್ತದೆ, ದೂರುಗಳು ಬರುತ್ತವೆ, ತುರ್ತು ಖರೀದಿಯ ನಿಯಮದಡಿ ಹಳೆಯ ಮಾದರಿಯದ್ದೇ ಇನ್ನೊಂದು ಯಂತ್ರವನ್ನು ತಂದು ಕೂರಿಸಲಾಗುತ್ತದೆ. ಯಾರೂ ತಪ್ಪು ಮಾಡಿರುವುದಿಲ್ಲ, ಆದರೂ ಮುಂದಿನ ಇಪ್ಪತ್ತು ವರ್ಷಗಳ ಹೊಗೆ ಆ ಒಂದು ವಾರದಲ್ಲಿ ನಿಗದಿಯಾಗಿಬಿಟ್ಟಿರುತ್ತದೆ.

ದೊಡ್ಡ ಬದಲಾವಣೆ ಸಾಧಿಸಿದ ವಿಶ್ವವಿದ್ಯಾಲಯಗಳ ಕಥೆಯನ್ನು ಗಮನಿಸಿದರೆ ಬಹುತೇಕ ಎಲ್ಲೆಡೆ ಇಂಥ ಬದಲಿಯ ಗಳಿಗೆಯೊಂದು ಸಿಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಿಲ್ಲರುಗಳು ಹಳತಾಗಿದ್ದವು. ಓಝೋನ್ ಪದರವನ್ನು ರಕ್ಷಿಸುವ 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಅವುಗಳಲ್ಲಿದ್ದ ಶೀತಕವನ್ನು ಕೈಬಿಡಲೇಬೇಕಾಗಿತ್ತು. ಹೊಸ ಚಿಲ್ಲರುಗಳನ್ನು ಸುಮ್ಮನೆ ಕೊಳ್ಳುವ ಬದಲು ಅಲ್ಲಿನ ಎಂಜಿನಿಯರುಗಳು ಪಕ್ಕದ ಕಾಯುಗಾ ಸರೋವರದತ್ತ ನೋಡಿದರು. ಸುಮಾರು 76 ಮೀಟರ್ ಆಳದಲ್ಲಿ ವರ್ಷವಿಡೀ 4 ಡಿಗ್ರಿಯ ಆಸುಪಾಸಿನಲ್ಲಿರುವ ನೀರನ್ನು ಮೇಲೆತ್ತಿ, ಅದರ ತಂಪನ್ನು ಮಾತ್ರ ಶಾಖ ವಿನಿಮಯಕಗಳ ಮೂಲಕ ಕ್ಯಾಂಪಸ್ಸಿನ ನೀರಿಗೆ ದಾಟಿಸಿ, ಸರೋವರದ ನೀರನ್ನು ಸರೋವರಕ್ಕೇ ಹಿಂತಿರುಗಿಸುವ ವ್ಯವಸ್ಥೆ 2000ದಲ್ಲಿ ಕೆಲಸ ಆರಂಭಿಸಿತು. ತಂಪಿಗಾಗಿ ಬಳಕೆಯಾಗುತ್ತಿದ್ದ ವಿದ್ಯುತ್ತು ಸುಮಾರು ಶೇ. 85ರಷ್ಟು ಇಳಿಯಿತು.

ಸ್ಟ್ಯಾನ್‌ಫರ್ಡಿನಲ್ಲಿ 1987ರಿಂದ ನಡೆಯುತ್ತಿದ್ದ, ಅನಿಲ ಸುಟ್ಟು ವಿದ್ಯುತ್ತು ಮತ್ತು ಹಬೆಯನ್ನು ಒಟ್ಟಿಗೆ ಉತ್ಪಾದಿಸುವ ಸ್ಥಾವರದ ಒಪ್ಪಂದ 2015ಕ್ಕೆ ಮುಗಿಯುವುದಿತ್ತು. ಆ ದಿನಾಂಕವನ್ನು ಮೊದಲೇ ಕಂಡುಕೊಂಡಿದ್ದರಿಂದ ಅವರಿಗೆ ಅಧ್ಯಯನಕ್ಕೆ ವರ್ಷಗಳ ಕಾಲಾವಕಾಶ ದೊರೆಯಿತು. ಕ್ಯಾಂಪಸ್ಸಿನ ಕೆಲವು ಕಟ್ಟಡಗಳು ತಂಪು ಕೇಳುವ ಹೊತ್ತಿನಲ್ಲೇ ಬೇರೆ ಕಟ್ಟಡಗಳು ಬಿಸಿ ಕೇಳುತ್ತವೆ, ತಂಪುಗೊಳಿಸುವಾಗ ಹೊರಗೆ ಬಿಸಾಡುತ್ತಿದ್ದ ಶಾಖವನ್ನೇ ಬಿಸಿಗೆ ಬಳಸಬಹುದು ಎಂಬುದು ಗಂಟೆವಾರು ಅಂಕಿಗಳಿಂದ ಗೊತ್ತಾಯಿತು. ಹಬೆಯ ಜಾಲವನ್ನು ಬಿಸಿನೀರಿನ ಜಾಲವಾಗಿ ಬದಲಿಸಿ, ಶಾಖ ಮರಳಿ ಪಡೆಯುವ ಹೊಸ ಸ್ಥಾವರವನ್ನು ಅದೇ 2015ರಲ್ಲಿ ಚಾಲನೆಗೆ ತಂದರು. ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ನಾಲ್ಕು ಮುದಿ ಕಲ್ಲಿದ್ದಲು ಬಾಯ್ಲರುಗಳನ್ನು ಬದಲಿಸಬೇಕಾಗಿ ಬಂದಾಗ 2009ರಲ್ಲಿ ನೆಲದೊಳಗೆ ರಂಧ್ರ ಕೊರೆಯಲು ಆರಂಭಿಸಿ, ಸುಮಾರು 3,600 ರಂಧ್ರಗಳ ಮೂಲಕ ಭೂಮಿಯ ಸ್ಥಿರ ಉಷ್ಣತೆಯನ್ನೇ ಬಳಸುವ ವ್ಯವಸ್ಥೆಯನ್ನು ಕಟ್ಟಿತು. ಸರೋವರ ಎಲ್ಲರ ಪಕ್ಕದಲ್ಲೂ ಇರುವುದಿಲ್ಲ, ಎಲ್ಲ ಹವಾಮಾನಕ್ಕೂ ಬಿಸಿನೀರಿನ ಜಾಲ ಬೇಕಾಗುವುದಿಲ್ಲ. ಇಲ್ಲಿ ಕಲಿಯಬೇಕಾದದ್ದು ಯಂತ್ರವನ್ನಲ್ಲ, ಹಳೆಯದು ಸಾಯುವ ದಿನವನ್ನು ಹತ್ತು ವರ್ಷ ಮೊದಲೇ ಗುರುತು ಹಾಕಿಟ್ಟುಕೊಳ್ಳುವ ಅಭ್ಯಾಸವನ್ನು.

ಪಂಚಾಂಗ ಸಿದ್ಧವಾದ ಮೇಲೆ ಕ್ರಮದ ಪ್ರಶ್ನೆ ಬರುತ್ತದೆ, ಮತ್ತು ಹಣ ಹೆಚ್ಚು ಪೋಲಾಗುವುದು ಕ್ರಮ ತಪ್ಪಿದಲ್ಲಿಯೇ. ಸೌರಫಲಕಗಳು ಇಪ್ಪತ್ತೈದರಿಂದ ಮೂವತ್ತು ವರ್ಷ ಬಾಳುತ್ತವೆ. ಎಂಟೇ ವರ್ಷ ಆಯುಷ್ಯ ಉಳಿದಿರುವ ಜಲನಿರೋಧಕ ಪದರದ ಮೇಲೆ ಅವುಗಳನ್ನು ಕೂರಿಸಿದರೆ, ಎಂಟು ವರ್ಷದ ನಂತರ ಎಲ್ಲವನ್ನೂ ಕಳಚಿ, ಚಾವಣಿ ಸರಿಪಡಿಸಿ, ಮತ್ತೆ ಜೋಡಿಸಬೇಕಾಗುತ್ತದೆ. ಆದ್ದರಿಂದ ಚಾವಣಿ ಮೊದಲು, ಫಲಕ ಆಮೇಲೆ. ಫಲಕದ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಪರಿವರ್ತಿಸುವ ಇನ್ವರ್ಟರುಗಳು ಹತ್ತರಿಂದ ಹದಿನೈದು ವರ್ಷದಲ್ಲಿ ಬದಲಾಗುತ್ತವೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆದಿಡಬೇಕು. ಹಾಗೆಯೇ ಕಿಟಕಿಗೆ ನೆರಳು, ಗೋಡೆ ಚಾವಣಿಗಳಿಗೆ ಉಷ್ಣನಿರೋಧಕ, ಗಾಳಿ ಸೋರುವ ಸಂದುಗಳ ದುರಸ್ತಿ, ಇವು ಮುಗಿದ ಮೇಲೆ ಚಿಲ್ಲರಿನ ಗಾತ್ರವನ್ನು ಲೆಕ್ಕ ಹಾಕಬೇಕು. ಮೊದಲು ಯಂತ್ರ ಕೊಂಡು ಆಮೇಲೆ ಕಟ್ಟಡವನ್ನು ಸರಿಪಡಿಸಿದರೆ ಅಗತ್ಯಕ್ಕಿಂತ ದೊಡ್ಡ ಯಂತ್ರವೊಂದು ತನ್ನ ಜೀವಮಾನವಿಡೀ ಅರೆಹೊರೆಯಲ್ಲಿ, ಕಡಿಮೆ ದಕ್ಷತೆಯಲ್ಲಿ ಓಡುತ್ತಿರುತ್ತದೆ. ರಸ್ತೆ ಅಗೆಯುವ ಪ್ರತಿ ಸಂದರ್ಭದಲ್ಲೂ ಮುಂದಿನ ಹತ್ತು ವರ್ಷಗಳಲ್ಲಿ ಆ ದಾರಿಯಾಗಿ ಹಾಯಬೇಕಾದ ಕೇಬಲ್ಲು ಮತ್ತು ಕೊಳವೆಗಳಿಗೆ ಖಾಲಿ ನಾಳಗಳನ್ನು ಹೂತಿಡುವುದು ಅಗ್ಗದ ಮುಂದಾಲೋಚನೆ.

ಕಟ್ಟದಿರುವ ಕಟ್ಟಡ

ಸಿಮೆಂಟ್ ಉತ್ಪಾದನೆಯೊಂದರಿಂದಲೇ ಜಗತ್ತಿನ ಇಂಗಾಲದ ಡೈಆಕ್ಸೈಡಿನ ಶೇ. 7ರಿಂದ 8ರಷ್ಟು ಹೊರಬರುತ್ತದೆ. ಹೊಸ ಕಟ್ಟಡ ಎಷ್ಟೇ ದಕ್ಷವಾಗಿರಲಿ, ಅದರ ಕಾಂಕ್ರೀಟು ಮತ್ತು ಉಕ್ಕಿನಲ್ಲಿ ಅಡಗಿರುವ ಇಂಗಾಲ ಮೊದಲ ವಿದ್ಯಾರ್ಥಿ ಒಳಗೆ ಕಾಲಿಡುವ ಮುನ್ನವೇ ವಾತಾವರಣ ಸೇರಿರುತ್ತದೆ, ಅದನ್ನು ಮತ್ತೆ ಉಳಿಸಲಾಗದು. ಹೀಗಾಗಿ ದೀರ್ಘಾವಧಿಯ ಯೋಜನೆಯಲ್ಲಿ ಅತ್ಯಂತ ಪರಿಣಾಮಕಾರಿಯಾದ ಅಧ್ಯಾಯ ಜಾಗದ ಬಳಕೆಯದು. ಅತ್ಯಂತ ಜಗಳ ತರುವ ಅಧ್ಯಾಯವೂ ಅದೇ.

ಅಳೆಯುವ ಸೂತ್ರ ಸರಳವಾಗಿದೆ. ಕೋಣೆಯೊಂದು ವಾರದಲ್ಲಿ ಲಭ್ಯವಿರುವ ಗಂಟೆಗಳಲ್ಲಿ ಎಷ್ಟು ಗಂಟೆ ಬಳಕೆಯಾಗುತ್ತದೆ ಎಂಬ ಪ್ರಮಾಣವನ್ನು, ಬಳಕೆಯಾಗುವಾಗ ಎಷ್ಟು ಆಸನಗಳು ತುಂಬಿರುತ್ತವೆ ಎಂಬ ಪ್ರಮಾಣದಿಂದ ಗುಣಿಸಬೇಕು. ವಾರಕ್ಕೆ 40 ಗಂಟೆ ಲಭ್ಯವಿರುವ ಕೋಣೆಯಲ್ಲಿ 20 ಗಂಟೆ ತರಗತಿ ನಡೆದು, ಪ್ರತಿ ತರಗತಿಯಲ್ಲೂ ಅರ್ಧ ಆಸನಗಳು ಖಾಲಿಯಿದ್ದರೆ ಆ ಕೋಣೆಯ ನಿಜವಾದ ಬಳಕೆ ಶೇ. 25. ವೇಳಾಪಟ್ಟಿಯಲ್ಲಿ ಬರೆದದ್ದನ್ನು ನಂಬದೆ, ಎರಡು ವಾರ ಪ್ರತಿ ಗಂಟೆಗೂ ಯಾರಾದರೂ ಹೋಗಿ ತಲೆ ಎಣಿಸಿ ಬರಬೇಕು. ಕಾಗದದ ಮೇಲೆ ತುಂಬಿರುವ ಕೋಣೆಗಳಲ್ಲಿ ಹಲವು ನಿಜದಲ್ಲಿ ಖಾಲಿಯಿರುತ್ತವೆ. ಹೊಸ ಕಟ್ಟಡದ ಬೇಡಿಕೆ ಬಂದಾಗ ಈ ಅಂಕಿಗಳನ್ನು ಮುಂದಿಡುವುದನ್ನು ನಿಯಮವಾಗಿಸಿ. ಕೋಣೆಗಳು ವಿಭಾಗಗಳ ಸ್ವತ್ತು ಎಂಬ ಭಾವನೆಯಿಂದ ಸಂಸ್ಥೆಯ ಸ್ವತ್ತು ಎಂಬ ಭಾವನೆಗೆ ಬರಲು ಕೆಲವು ವರ್ಷಗಳೇ ಬೇಕಾಗುತ್ತವೆ. ಅದಕ್ಕೆ ತಾಳ್ಮೆಯಿಂದ ಸಿದ್ಧರಾಗಿರಬೇಕು, ವಿಭಾಗದ ಮುಖ್ಯಸ್ಥರನ್ನು ಎದುರಾಳಿಗಳಂತೆ ಕಂಡರೆ ಈ ಅಧ್ಯಾಯ ಅಲ್ಲಿಗೇ ನಿಲ್ಲುತ್ತದೆ.

ಕಟ್ಟಲೇಬೇಕಾದಾಗ, ಒಳಗೋಡೆಗಳು ಭಾರ ಹೊರದಂತೆ ವಿನ್ಯಾಸ ಮಾಡಿಸಿ. ಇಂದಿನ ಪ್ರಯೋಗಾಲಯ ಇಪ್ಪತ್ತು ವರ್ಷದ ನಂತರ ಗ್ರಂಥಾಲಯವಾಗಬೇಕಾಗಬಹುದು, ಆಗ ಕೆಡವದೆ ಬದಲಿಸಲು ಸಾಧ್ಯವಿರಬೇಕು.

ಶಕ್ತಿಯ ದೊಡ್ಡ ಬಾಯಿಗಳು

ದೀಪ ಆರಿಸಿ ಎಂಬ ಫಲಕಗಳಿಂದ ಬರುವ ಉಳಿತಾಯ ಅಲ್ಪ. ಗಾಳಿಯನ್ನು ತಳ್ಳುವ ಯಂತ್ರಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಉಳಿತಾಯ ಅಡಗಿದೆ. ಫ್ಯಾನ್ ತೆಗೆದುಕೊಳ್ಳುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ. 20ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜನರಿಲ್ಲದ ಸಭಾಂಗಣಕ್ಕೆ ಪೂರ್ಣ ವೇಗದಲ್ಲಿ ಗಾಳಿ ತಳ್ಳುತ್ತಿರುವ ಯಂತ್ರಕ್ಕೆ ವೇಗ ನಿಯಂತ್ರಕವನ್ನೂ ಜನರ ಇರವನ್ನು ಗ್ರಹಿಸುವ ಸಂವೇದಕವನ್ನೂ ಅಳವಡಿಸುವುದು ಯೋಜನೆಯ ಮೊದಲ ಐದು ವರ್ಷಗಳಲ್ಲಿ ಮುಗಿಯಬೇಕಾದ ಕೆಲಸ.

ವಿಜ್ಞಾನ ವಿಭಾಗಗಳಿರುವ ಕ್ಯಾಂಪಸ್ಸಿನಲ್ಲಿ ಪ್ರಯೋಗಾಲಯಗಳನ್ನು ಪ್ರತ್ಯೇಕವಾಗಿ ನೋಡಬೇಕು. ವಿಷಾನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಂದರ ಬಾಯಿ 1.5 ಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ ತೆರೆದಿದ್ದು, ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳಸೇರುತ್ತಿದ್ದರೆ, ಗಂಟೆಗೆ ಸುಮಾರು 1,200 ಘನ ಮೀಟರ್ ಗಾಳಿ ಹೊರಗೆ ಹೋಗುತ್ತದೆ. 200 ಘನ ಮೀಟರಿನ ತರಗತಿ ಕೋಣೆಯೊಂದರ ಗಾಳಿಯನ್ನು ಗಂಟೆಗೆ ಆರು ಬಾರಿ ಖಾಲಿ ಮಾಡಿದಷ್ಟು ಅದು. ಹೊರಹೋದಷ್ಟೂ ಗಾಳಿಯನ್ನು ಮತ್ತೆ ತಂಪು ಮಾಡಿಯೋ ಬಿಸಿ ಮಾಡಿಯೋ ಒಳಗೆ ತರಬೇಕು. ಗಾಳಿಯ ಪ್ರಮಾಣ ಬಾಗಿಲಿನ ತೆರವಿಗೆ ತಕ್ಕಂತೆ ಹೊಂದಿಕೊಳ್ಳುವ ಹುಡ್‌ಗಳಲ್ಲಿ, ಕೆಲಸ ಮುಗಿದೊಡನೆ ಗಾಜಿನ ಬಾಗಿಲನ್ನು ಕೆಳಗೆಳೆಯುವ ರೂಢಿ ಮಾತ್ರದಿಂದಲೇ ಬಹಳ ಉಳಿಯುತ್ತದೆ ಮತ್ತು ಒಳಗಿರುವವರ ಸುರಕ್ಷತೆಯೂ ಹೆಚ್ಚುತ್ತದೆ. ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿಡುವ ಫ್ರೀಜರುಗಳನ್ನು, ಮಾದರಿಯ ಸ್ವರೂಪ ಒಪ್ಪುವಲ್ಲಿ, ಮೈನಸ್ 70ಕ್ಕೆ ತಂದರೆ ಅವುಗಳ ವಿದ್ಯುತ್ ಬಳಕೆ ಗಣನೀಯವಾಗಿ ಕಡಿಮೆಯಾಗುತ್ತದೆ. ಇದನ್ನು ಆದೇಶವಾಗಿ ಹೊರಡಿಸದೆ ಸಂಶೋಧಕರೊಂದಿಗೆ ಕುಳಿತು, ಯಾವ ಮಾದರಿಗೆ ಸರಿ, ಯಾವುದಕ್ಕೆ ಸರಿಯಲ್ಲ ಎಂದು ಅವರ ಬಾಯಿಂದಲೇ ಕೇಳಿ ನಿರ್ಧರಿಸುವುದು ಉಚಿತ.

ನೀರು, ನೆಲ, ಮರ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 2,000 ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆಯಾದರೆ 40,000 ಲೀಟರ್ ಬೀಳುತ್ತದೆ. ಆವಿ, ಸೋರಿಕೆ ಕಳೆದು ಅದರ ಐದರಲ್ಲಿ ನಾಲ್ಕು ಪಾಲು ಹಿಡಿಯಬಹುದು. ಈ ಲೆಕ್ಕವನ್ನು ಪ್ರತಿ ಚಾವಣಿಗೂ, ಪ್ರತಿ ತಿಂಗಳ ಮಳೆಗೂ ಹಾಕಿದರೆ ತೊಟ್ಟಿಯ ಗಾತ್ರ ತಾನಾಗಿ ಹೊರಬರುತ್ತದೆ. ಹಿಡಿಯಲಾಗದ ನೀರು ಇಂಗಬೇಕು. ಅದಕ್ಕಾಗಿ ಕ್ಯಾಂಪಸ್ಸಿನ ಇಳಿಜಾರಿನ ನಕ್ಷೆ ತಯಾರಿಸಿ, ನೀರು ತನ್ನಷ್ಟಕ್ಕೆ ಹರಿಯುವ ದಾರಿಗಳನ್ನು ಗುರುತಿಸಿ, ಆ ದಾರಿಗಳ ಮೇಲೆ ಎಂದಿಗೂ ಕಟ್ಟಡ ಬಾರದೆಂದು ಯೋಜನೆಯಲ್ಲೇ ಬರೆಯಬೇಕು. ಕೈತೊಳೆದ, ಸ್ನಾನ ಮಾಡಿದ ನೀರನ್ನು ಶುದ್ಧೀಕರಿಸಿ ಶೌಚಾಲಯಕ್ಕೆ ಬಳಸಬೇಕೆಂದರೆ ಪ್ರತ್ಯೇಕ ಕೊಳವೆಗಳು ಬೇಕು. ಕಟ್ಟುವಾಗ ಅದು ಸುಲಭ, ಕಟ್ಟಿ ಮುಗಿಸಿದ ಮೇಲೆ ಗೋಡೆ ಒಡೆಯದೆ ಸಾಧ್ಯವಿಲ್ಲ. ಆದ್ದರಿಂದ ಶುದ್ಧೀಕರಣ ಘಟಕಕ್ಕೆ ಹಣ ಇನ್ನೂ ಇರದಿದ್ದರೂ ಇಂದಿನ ಕಟ್ಟಡಕ್ಕೆ ಜೋಡಿ ಕೊಳವೆ ಹಾಕಿಸಿಡಿ.

ಮರಗಳ ವಿಷಯದಲ್ಲಿ ಎಣಿಕೆಯ ಮೋಹ ಬಿಡಬೇಕು. ಎಷ್ಟು ಸಸಿ ನೆಟ್ಟೆವು ಎಂಬುದು ವರದಿಗೆ ಸಾಕಾದೀತು, ಆದರೆ ಐದನೆಯ ವರ್ಷದಲ್ಲಿ ಎಷ್ಟು ಉಳಿದಿವೆ ಎಂಬುದೇ ನಿಜವಾದ ಅಂಕಿ. ಇರುವ ದೊಡ್ಡ ಮರವನ್ನು ಉಳಿಸಲು, ಕಾಂಡದ ವ್ಯಾಸದ ಹನ್ನೆರಡು ಪಟ್ಟು ತ್ರಿಜ್ಯದ ವೃತ್ತದಲ್ಲಿ ಅಗೆಯಬಾರದು, ಭಾರವಾಹನ ನಿಲ್ಲಿಸಬಾರದು ಎಂಬ ಅಂದಾಜನ್ನು ನಿರ್ಮಾಣ ಕ್ಷೇತ್ರದಲ್ಲಿ ಬಳಸುತ್ತಾರೆ. 50 ಸೆಂಟಿಮೀಟರ್ ಕಾಂಡದ ಮರಕ್ಕೆ ಅದು ಸುತ್ತಲೂ 6 ಮೀಟರ್. ಆ ವೃತ್ತಗಳನ್ನು ಕ್ಯಾಂಪಸ್ಸಿನ ನಕ್ಷೆಯಲ್ಲಿ ಬರೆದಿಟ್ಟರೆ, ಕೇಬಲ್ ಹೂಳಲು ಬಂದ ಗುತ್ತಿಗೆದಾರರ ಕೈಗೂ ಅದೇ ನಕ್ಷೆ ಹೋಗುವುದರಿಂದ, ನೂರು ವರ್ಷದ ಬೇರು ಒಂದು ಮಧ್ಯಾಹ್ನದಲ್ಲಿ ತುಂಡಾಗುವುದು ತಪ್ಪುತ್ತದೆ.

ಪ್ರಯಾಣದ ಬಗ್ಗೆ ಇಲ್ಲಿ ಚಿಕ್ಕದಾಗಿ ಹೇಳುವುದಾದರೆ, ವಾಹನ ನಿಲ್ದಾಣದ ಜಾಗ ಹೆಚ್ಚಿಸಿದಷ್ಟೂ ವಾಹನಗಳು ಹೆಚ್ಚುತ್ತವೆ. ನೆರಳಿರುವ ಕಾಲುದಾರಿ, ಬೆಳಕಿರುವ ಬಸ್ ತಂಗುದಾಣ ಮತ್ತು ತರಗತಿಗಳ ಸಮೀಪದ ವಿದ್ಯಾರ್ಥಿನಿಲಯಗಳು ಯಾವ ಜಾಗೃತಿ ಅಭಿಯಾನಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ತ್ಯಾಜ್ಯದ ವಿಷಯದಲ್ಲಿ ಕಸದ ಬುಟ್ಟಿಗಿಂತ ಖರೀದಿ ವಿಭಾಗದ ಬಾಗಿಲು ಮುಖ್ಯ. ದುರಸ್ತಿ ಮಾಡಬಹುದಾದ ಪೀಠೋಪಕರಣ, ಮರಳಿ ಒಯ್ಯುವ ಕರಾರಿನ ಕಂಪ್ಯೂಟರುಗಳು ಒಳಗೆ ಬಂದರೆ ಹೊರಗೆ ಹೋಗುವ ಕಸ ತಾನಾಗಿ ಕಡಿಮೆಯಾಗುತ್ತದೆ.

ಹಣವನ್ನು ಕಾಪಿಡುವ ಬಗೆ

ಯೋಜನೆಗಳು ಸಾಯುವುದು ಬಹುಪಾಲು ಹಣಕಾಸು ಕಚೇರಿಯಲ್ಲಿ, ಮತ್ತು ಅಲ್ಲಿನವರ ದುರುದ್ದೇಶದಿಂದಲ್ಲ. ಯಂತ್ರ ಕೊಳ್ಳುವ ಹಣ ಒಂದು ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ವಿದ್ಯುತ್ ಬಿಲ್ಲು ಇನ್ನೊಂದರಿಂದ ಹೋಗುತ್ತದೆ. ಅಗ್ಗದ ಯಂತ್ರ ಕೊಂಡವರಿಗೆ ಮೆಚ್ಚುಗೆ ಸಿಗುತ್ತದೆ, ಇಪ್ಪತ್ತು ವರ್ಷ ದುಬಾರಿ ಬಿಲ್ಲು ಕಟ್ಟುವವರು ಬೇರೆಯವರು. ಉದಾಹರಣೆಗೆ 15 ಕಿಲೋವ್ಯಾಟ್ ಎಳೆಯುವ ಪಂಪ್ ವರ್ಷಕ್ಕೆ 4,000 ಗಂಟೆ ಓಡಿದರೆ 60,000 ಯೂನಿಟ್ ಬೇಕು, ಇಪ್ಪತ್ತು ವರ್ಷಕ್ಕೆ 12 ಲಕ್ಷ ಯೂನಿಟ್. ಶೇ. 10 ಕಡಿಮೆ ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡುವ ಪಂಪು 1 ಲಕ್ಷ 20 ಸಾವಿರ ಯೂನಿಟ್ ಉಳಿಸುತ್ತದೆ. ನಿಮ್ಮಲ್ಲಿನ ದರದಿಂದ ಗುಣಿಸಿ, ಎರಡು ಪಂಪುಗಳ ಬೆಲೆಯ ವ್ಯತ್ಯಾಸದ ಪಕ್ಕದಲ್ಲಿಟ್ಟು ನೋಡಿ. ಟೆಂಡರಿನ ಮೌಲ್ಯಮಾಪನವೇ ಖರೀದಿ ಬೆಲೆಯ ಬದಲು ಜೀವಿತಾವಧಿಯ ಒಟ್ಟು ವೆಚ್ಚವನ್ನು ಆಧರಿಸುವಂತೆ ಖರೀದಿ ನಿಯಮವನ್ನು ತಿದ್ದಿಸಿದರೆ, ಮುಂದೆ ಪ್ರತಿ ಸಲವೂ ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ಎರಡನೆಯ ಉಪಾಯ ಆವರ್ತ ನಿಧಿ. ಸಂಸ್ಥೆ ಒಂದು ಮೊತ್ತವನ್ನು ಪ್ರತ್ಯೇಕವಾಗಿಡುತ್ತದೆ, ಉಳಿತಾಯ ತರುವ ಕಾಮಗಾರಿಗೆ ಅದರಿಂದ ವಿಭಾಗಗಳಿಗೆ ಸಾಲ ಕೊಡುತ್ತದೆ, ವಿಭಾಗ ತನ್ನ ಬಿಲ್ಲಿನಲ್ಲಿ ಉಳಿದ ಹಣದಿಂದ ಅದನ್ನು ತೀರಿಸುತ್ತದೆ, ತೀರಿದ ಹಣ ಮುಂದಿನ ಕಾಮಗಾರಿಗೆ ಹೋಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯ ಇಂಥ ನಿಧಿಯನ್ನು ನಡೆಸಿ, ಅದನ್ನು 1 ಕೋಟಿ 20 ಲಕ್ಷ ಡಾಲರಿನವರೆಗೆ ಬೆಳೆಸಿತು. ಗಾತ್ರ ಮುಖ್ಯವಲ್ಲ. ಸಣ್ಣ ನಿಧಿಯಾದರೂ ಅದರ ಉಳಿತಾಯವನ್ನು ಮುಂದಿನ ಆಯವ್ಯಯದಲ್ಲಿ ಕಡಿತ ಮಾಡುವುದಿಲ್ಲ ಎಂಬ ಲಿಖಿತ ಭರವಸೆ ಇರಬೇಕು. ಉಳಿಸಿದ ವಿಭಾಗದ ಅನುದಾನವನ್ನು ಮರುವರ್ಷ ಅಷ್ಟೇ ಮೊತ್ತದಿಂದ ಕತ್ತರಿಸಿದರೆ ಆಮೇಲೆ ಯಾರೂ ಉಳಿಸುವುದಿಲ್ಲ, ಮತ್ತು ಅವರನ್ನು ದೂಷಿಸುವುದು ನ್ಯಾಯವೂ ಅಲ್ಲ.

ಯಾರ ಕೈಯಲ್ಲಿ ಇರಬೇಕು

ಯೋಜನೆಗೆ ಒಪ್ಪಿಗೆ ಕೊಡಬೇಕಾದದ್ದು ಸಂಸ್ಥೆಯ ಅತ್ಯುನ್ನತ ಆಡಳಿತ ಮಂಡಳಿ, ಕುಲಪತಿಯೊಬ್ಬರೇ ಅಲ್ಲ. ವ್ಯಕ್ತಿಯ ಯೋಜನೆ ವ್ಯಕ್ತಿಯೊಂದಿಗೇ ಹೋಗುತ್ತದೆ. ಮಂಡಳಿಯ ನಿರ್ಣಯವನ್ನು ಬದಲಿಸಲು ಇನ್ನೊಂದು ನಿರ್ಣಯ ಬೇಕಾಗುತ್ತದೆ, ಅದಕ್ಕೆ ಕಾರಣ ಬರೆಯಬೇಕಾಗುತ್ತದೆ. ದಿನನಿತ್ಯದ ಹೊಣೆ ಹೊತ್ತ ಕಚೇರಿ ಹಣಕಾಸು ವಿಭಾಗದ ಅಥವಾ ಕಟ್ಟಡ, ಜಮೀನು ನೋಡಿಕೊಳ್ಳುವ ಎಸ್ಟೇಟ್ ವಿಭಾಗದ ಸಮೀಪದಲ್ಲಿರಲಿ. ಅದನ್ನು ಪ್ರಚಾರ ವಿಭಾಗಕ್ಕೆ ಸೇರಿಸಿದರೆ ಕೆಲಸ ಕ್ರಮೇಣ ಕರಪತ್ರಗಳತ್ತ ವಾಲುತ್ತದೆ.

ಸಮಿತಿಯಲ್ಲಿ ಪ್ರಾಧ್ಯಾಪಕರ ಜೊತೆಗೆ ಕೊಳಾಯಿ ಕೆಲಸದವರು, ವಿದ್ಯುತ್ ಕೆಲಸದವರು, ತೋಟದ ಮೇಲ್ವಿಚಾರಕರು ಕೂರಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಯಾವ ವಾಲ್ವ್ ಎಲ್ಲಿದೆ, ಯಾವ ಚಾವಣಿ ಯಾವ ಮೂಲೆಯಲ್ಲಿ ಸೋರುತ್ತದೆ, ನಕ್ಷೆಯಲ್ಲಿಲ್ಲದ ಕೊಳವೆ ಯಾವ ಮರದ ಕೆಳಗೆ ಹಾಯುತ್ತದೆ ಎಂಬ ತಿಳಿವಳಿಕೆ ಹಲವೆಡೆ ಅವರ ತಲೆಯಲ್ಲಿ ಮಾತ್ರ ಇದೆ. ಅವರು ನಿವೃತ್ತರಾಗುವ ಮುನ್ನ ಅವರೊಂದಿಗೆ ಕ್ಯಾಂಪಸ್ ಸುತ್ತಿ ಅದನ್ನೆಲ್ಲ ಬರೆಸಿಕೊಳ್ಳುವುದು ಯಾವ ಸಲಹಾ ಸಂಸ್ಥೆಯ ವರದಿಗಿಂತಲೂ ಬೆಲೆಬಾಳುವ ಕೆಲಸ.

ವಿದ್ಯಾರ್ಥಿಗಳು ಬೇಗ ಹೊರಟುಹೋಗುತ್ತಾರೆಂದು ಅವರನ್ನು ಬರೀ ಸ್ವಯಂಸೇವಕರಾಗಿ ಕಾಣುವುದು ತಪ್ಪು. ಮೀಟರಿನ ಅಂಕಿಗಳ ವಿಶ್ಲೇಷಣೆ, ಕೋಣೆಗಳ ತಲೆ ಎಣಿಕೆ, ಪ್ರಯಾಣದ ಸಮೀಕ್ಷೆ, ಮರಗಳ ಗಣತಿ, ಇವೆಲ್ಲವೂ ಪಠ್ಯಕ್ರಮದ ಅಂಗವಾಗಿ ಅಂಕಗಳಿರುವ ಯೋಜನಾ ಕಾರ್ಯಗಳಾಗಬಹುದು. ಷರತ್ತು ಒಂದೇ: ಪ್ರತಿ ತಂಡ ತನ್ನ ಅಂಕಿಗಳನ್ನೂ ವಿಧಾನವನ್ನೂ ಒಂದೇ ನಮೂನೆಯಲ್ಲಿ, ಒಂದೇ ಕಡೆ ಬಿಟ್ಟುಹೋಗಬೇಕು, ಆಗ ಮುಂದಿನ ತಂಡ ಮೊದಲಿನಿಂದ ಆರಂಭಿಸುವುದಿಲ್ಲ.

ಹೊರಗಿನ ಮೌಲ್ಯಮಾಪನಗಳ ಬಗ್ಗೆ ಒಂದು ಮಾತು. ಇಂಡೊನೇಷ್ಯಾ ವಿಶ್ವವಿದ್ಯಾಲಯ 2010ರಲ್ಲಿ ಆರಂಭಿಸಿದ ಗ್ರೀನ್‌ಮೆಟ್ರಿಕ್ ಶ್ರೇಯಾಂಕ ಜಗತ್ತಿನಾದ್ಯಂತ ಪರಿಚಿತವಾಗಿದೆ. ಉತ್ತರ ಅಮೆರಿಕದಲ್ಲಿ ಹುಟ್ಟಿದ ಸ್ಟಾರ್ಸ್ ಎಂಬ ವ್ಯವಸ್ಥೆ ಕಂಚಿನಿಂದ ಪ್ಲಾಟಿನಂವರೆಗೆ ದರ್ಜೆ ಕೊಡುತ್ತದೆ, ಆ ದರ್ಜೆ ಮೂರು ವರ್ಷ ಊರ್ಜಿತವಾಗಿರುತ್ತದೆ. ಇಂಥವುಗಳ ಪ್ರಶ್ನಾವಳಿ ನಿಮ್ಮ ಕಣ್ಣಿಗೆ ಬೀಳದ ವಿಷಯವನ್ನು ತೋರಿಸಿಕೊಡಬಲ್ಲದು, ಮೂರು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಶಿಸ್ತನ್ನು ತರಬಲ್ಲದು. ಆದರೆ ಅಂಕ ಹೆಚ್ಚಿಸುವುದೇ ಗುರಿಯಾದಾಗ ಬೇಗ ಕಾಣುವ ಕೆಲಸಗಳು ಮುಂದೆ ಬಂದು, ಹತ್ತು ವರ್ಷದ ನಂತರ ಫಲ ಕೊಡುವ ಕೊಳವೆಯ ಕೆಲಸ ಹಿಂದೆ ಸರಿಯುತ್ತದೆ. ಬದಲಿ ಪಂಚಾಂಗಕ್ಕೂ ಶ್ರೇಯಾಂಕದ ಪ್ರಶ್ನಾವಳಿಗೂ ಘರ್ಷಣೆ ಬಂದರೆ ಪಂಚಾಂಗದ ಮಾತು ನಡೆಯಬೇಕು.

ಗೊತ್ತಿಲ್ಲದ ನಾಳೆಗಾಗಿ

ಮೂವತ್ತು ವರ್ಷದ ನಂತರ ಎಷ್ಟು ವಿದ್ಯಾರ್ಥಿಗಳಿರುತ್ತಾರೆ, ಎಷ್ಟು ಪಾಠ ದೂರದಿಂದ ನಡೆಯುತ್ತದೆ, ಮಳೆಯ ಸ್ವರೂಪ ಹೇಗಿರುತ್ತದೆ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ಒಂದೇ ಭವಿಷ್ಯವನ್ನು ಊಹಿಸಿ ಅದಕ್ಕೆ ಎಲ್ಲವನ್ನೂ ಕಟ್ಟಿಹಾಕಬೇಡಿ. ಸಂಖ್ಯೆ ಹೆಚ್ಚಿದರೆ, ಹಾಗೇ ಉಳಿದರೆ, ಇಳಿದರೆ ಎಂಬ ಮೂರು ಚಿತ್ರಗಳನ್ನು ಬರೆದು, ಮೂರರಲ್ಲೂ ಸರಿಯೆನಿಸುವ ಕೆಲಸಗಳನ್ನು ಮೊದಲ ಐದು ವರ್ಷಕ್ಕೆ ಇಟ್ಟುಕೊಳ್ಳಿ. ಸೋರಿಕೆ ತಡೆ, ಮೀಟರು, ಚಾವಣಿಯ ಉಷ್ಣನಿರೋಧಕ, ಮರಗಳ ರಕ್ಷಣೆ ಇಂಥವು. ಒಂದೇ ಚಿತ್ರದಲ್ಲಿ ಮಾತ್ರ ಅರ್ಥವಿರುವ ಹೊಸ ವಿದ್ಯಾರ್ಥಿನಿಲಯದಂಥ ಕೆಲಸಗಳಿಗೆ ಇಸವಿಯ ಬದಲು ಷರತ್ತನ್ನು ಬರೆಯಿರಿ: ಇರುವ ನಿಲಯಗಳ ಭರ್ತಿ ಸತತ ಮೂರು ವರ್ಷ ಇಂತಿಷ್ಟು ಪ್ರಮಾಣ ಮೀರಿದರೆ ಮಾತ್ರ ವಿನ್ಯಾಸ ಆರಂಭ ಎಂಬಂತೆ. ಹೊಸ ಚರಂಡಿ, ಸೇತುವೆ, ತಗ್ಗಿನ ಕಟ್ಟಡಗಳ ವಿನ್ಯಾಸಕ್ಕೆ ಹಿಂದಿನ ಮಳೆಯ ದಾಖಲೆಯೊಂದನ್ನೇ ನೆಚ್ಚದೆ, ಅದಕ್ಕಿಂತ ಬಿರುಸಾದ ಮಳೆಯನ್ನೂ ಪರೀಕ್ಷಿಸಿ ನೋಡಬೇಕು. ವಿದ್ಯುತ್ ಫಲಕಗಳನ್ನೂ ಜನರೇಟರನ್ನೂ ನೆಲಮಾಳಿಗೆಯಲ್ಲಿಡದಿರುವುದು ಈ ದೃಷ್ಟಿಯಿಂದ ಅಗ್ಗದ ವಿಮೆ.

ವರ್ಷಕ್ಕೊಮ್ಮೆ ಅಂಕಿಗಳನ್ನೂ ಐದು ವರ್ಷಕ್ಕೊಮ್ಮೆ ಇಡೀ ಯೋಜನೆಯನ್ನೂ ಪರಿಶೀಲಿಸುವ ದಿನಾಂಕಗಳನ್ನು ಮಂಡಳಿಯ ನಿರ್ಣಯದಲ್ಲೇ ಸೇರಿಸಿ. ಕಡತದ ಕೊನೆಯಲ್ಲಿ ಒಂದು ನಿರ್ಧಾರ ಪುಸ್ತಕ ಇರಲಿ. ಯಾವ ವರ್ಷ ಏನನ್ನು ಆಯ್ದುಕೊಂಡೆವು, ಯಾವ ಪರ್ಯಾಯಗಳನ್ನು ಕೈಬಿಟ್ಟೆವು, ಏಕೆ, ಆಗ ನಮ್ಮ ಕೈಯಲ್ಲಿದ್ದ ಅಂಕಿಗಳು ಯಾವುವು ಎಂದು ಅರ್ಧ ಪುಟದಲ್ಲಿ ಬರೆದು, ಹೊಣೆ ಹೊತ್ತ ಅಧಿಕಾರಿ ಸಹಿ ಮಾಡಬೇಕು. ಈಡೇರದ ಗುರಿಯನ್ನೂ ಅಲ್ಲಿ ಬರೆಯಬೇಕು. ಹನ್ನೆರಡು ವರ್ಷದ ನಂತರ ಆ ಚಿಲ್ಲರಿನ ಸರದಿ ಬಂದಾಗ, ಆ ಕುರ್ಚಿಯಲ್ಲಿ ಕುಳಿತಿರುವವರು ಮೊದಲು ತೆರೆಯಬೇಕಾದ ಪುಟ ಅದು.